ಚಿತ್ರ ತೆರೆಯುತ್ತಿಲ್ಲ, ಹೆಸರು ಹೊಂದುತ್ತಿಲ್ಲ: ಇಮೇಜ್ ಫೈಲ್‌ನ ನಿಜವಾದ ಬಗೆ ಪತ್ತೆ ಹಚ್ಚುವ ಕೈಪಿಡಿ

ತನಿಖೆಗೆ ಬಂದ ಒಂದು ಪೆನ್‌ಡ್ರೈವ್‌ನಲ್ಲಿ ಸಾವಿರಾರು ಫೈಲ್‌ಗಳಿರುತ್ತವೆ. ಕೆಲವು ಜೆಪಿಜಿ ಅಂತ ಹೆಸರಿದ್ದೂ ತೆರೆಯುವುದಿಲ್ಲ. ಕೆಲವಕ್ಕೆ ಲೆಕ್ಕದ ಹಾಳೆಯ ಹೆಸರು, ಒಳಗೆ ನೋಡಿದರೆ ಫೋಟೋ. ಇನ್ನು ಕೆಲವಕ್ಕೆ ಹೆಸರೇ ಇಲ್ಲ. ಅಳಿಸಿದ ಜಾಗದಿಂದ ಎತ್ತಿ ತಂದ ತುಣುಕುಗಳು ಅವು.

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದು ನಿಜಕ್ಕೂ ಯಾವ ಬಗೆಯ ಫೈಲ್? ಈ ಉತ್ತರ ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ. ಇದ್ದ ಚಿತ್ರ ಕೈತಪ್ಪಬಹುದು. ಇಲ್ಲದ ಚಿತ್ರವನ್ನು ಇದೆ ಅಂತ ಬರೆದುಬಿಡಬಹುದು. ಎರಡರಲ್ಲೂ ಯಾರೋ ಒಬ್ಬರ ಬದುಕಿಗೆ ಪೆಟ್ಟು ಬೀಳುತ್ತದೆ.

ನಾನು ಹೊಸಬರಿಗೆ ಮೊದಲು ಹೇಳುವುದು ಇಷ್ಟು. ಫೈಲ್‌ನ ಹೆಸರು ಯಾರೋ ಹೇಳಿದ ಮಾತು. ಮೊದಲ ನಾಲ್ಕು ಬೈಟ್‌ಗಳೂ ಮಾತೇ. ಒಳಗಿನ ಲೆಕ್ಕ ತಾಳೆಯಾದಾಗ ಮಾತ್ರ ನಂಬಬೇಕು.

ಒಂದು ಸೂಚನೆ: ಹೆಕ್ಸ್ ಸಂಖ್ಯೆಗಳನ್ನು, ಅಂದರೆ 16ರ ಲೆಕ್ಕದಲ್ಲಿ ಬರೆಯುವ ಸಂಖ್ಯೆಗಳನ್ನು, ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. 0ಯಿಂದ 9ರ ತನಕ ಅಂಕಿಗಳು. 10ರಿಂದ 15ರವರೆಗೆ ಕ್ರಮವಾಗಿ ಎ, ಬಿ, ಸಿ, ಡಿ, ಇ, ಎಫ್. ಬೈಟ್‌ಗಳ ಸ್ಥಾನ, ಅಂದರೆ ಆಫ್‌ಸೆಟ್, 0ಯಿಂದ ಶುರುವಾಗುತ್ತದೆ.

## ಕೈ ಹಾಕುವ ಮೊದಲು

ಮೂಲ ಫೈಲ್ ಮುಟ್ಟಬೇಡಿ. ರೈಟ್ ಬ್ಲಾಕರ್ (ಡಿಸ್ಕ್‌ಗೆ ಏನೂ ಬರೆಯದಂತೆ ತಡೆಯುವ ಸಾಧನ) ಹಾಕಿ, ಡಿಸ್ಕ್‌ನ ಪೂರ್ತಿ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡಿ. ಶುರುವಿನಲ್ಲಿ ಒಂದು ಸಲ, ಮುಗಿಸುವಾಗ ಇನ್ನೊಂದು ಸಲ ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಬರೆದಿಡಿ. ಎಂಡಿ5 ಅನ್ನುವ ಹಳೆಯ ಬಗೆಯ ಹ್ಯಾಶ್ ಒಂದೇ ಸಾಲದು. ಬೇರೆ ಬೇರೆ ಎರಡು ಫೈಲ್‌ಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದು ಅಂತ 2004ರಲ್ಲೇ ತೋರಿಸಿದ್ದಾರೆ. ಎಸ್‌ಎಚ್‌ಎ-256 ಕೂಡ ತೆಗೆಯಿರಿ.

ಅನುಮಾನದ ಫೈಲನ್ನು ಡಬಲ್ ಕ್ಲಿಕ್ ಮಾಡಬೇಡಿ. ಬರೀ ಚಿತ್ರ ತಾನೇ ಅಂತ ಅನಿಸಬಹುದು. ಆದರೆ ಚಿತ್ರವನ್ನು ಬಿಡಿಸಿ ತೋರಿಸುವ ಪ್ರೋಗ್ರಾಂನಲ್ಲೇ ದೋಷ ಇದ್ದರೆ, ಬೇಕಂತಲೇ ಕೆಡಿಸಿದ ಚಿತ್ರವೊಂದು ನಿಮ್ಮ ಕಂಪ್ಯೂಟರನ್ನು ವಶ ಮಾಡಿಕೊಳ್ಳಬಹುದು. 2004ರಲ್ಲಿ ವಿಂಡೋಸ್‌ನ ಜೆಪಿಇಜಿ ತೋರಿಸುವ ಭಾಗದಲ್ಲಿ ಇಂಥ ದೋಷ ಸಿಕ್ಕಿತ್ತು. 2023ರಲ್ಲಿ ವೆಬ್‌ಪಿ ಲೈಬ್ರರಿಯಲ್ಲಿ ಸಿಕ್ಕಿತು, ಸಿವಿಇ-2023-4863 ಅಂತ ಅದರ ಸಂಖ್ಯೆ. ಫೋಲ್ಡರ್ ತೆರೆದಾಗ ತಾನಾಗೇ ಬರುವ ಪುಟ್ಟ ಪ್ರಿವ್ಯೂ ಕೂಡ ಚಿತ್ರವನ್ನು ಬಿಡಿಸಿಯೇ ತೋರಿಸುವುದು, ಅಲ್ವಾ? ಅದಕ್ಕೇ ಪ್ರಿವ್ಯೂ ಆಫ್ ಮಾಡಿ. ನೆಟ್‌ವರ್ಕ್ ಇಲ್ಲದ ವರ್ಚುವಲ್ ಮಷೀನ್‌ನಲ್ಲಿ ಕೆಲಸ ಮಾಡಿ.

## ಲಕ್ಷಣ: ಹೆಸರು ಜೆಪಿಜಿ, ಆದರೆ ವ್ಯೂವರ್ "ಈ ಫೈಲ್ ತೆರೆಯಲಾಗದು" ಅನ್ನುತ್ತದೆ

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಎಂದರೆ ಪೂರ್ತಿ ಹೆಸರು ನೋಡುವುದು. ವಿಂಡೋಸ್ ತನಗೆ ಗೊತ್ತಿರುವ ಎಕ್ಸ್‌ಟೆನ್ಷನ್‌ಗಳನ್ನು ಮೊದಲಿಂದಲೂ ಮುಚ್ಚಿಯೇ ತೋರಿಸುತ್ತದೆ. ಹಾಗಾಗಿ ಕಣ್ಣಿಗೆ "ಫೋಟೋ.ಜೆಪಿಜಿ" ಅಂತ ಕಂಡದ್ದು ನಿಜವಾಗಿ "ಫೋಟೋ.ಜೆಪಿಜಿ.ಎಕ್ಸ್‌ಇ" ಇರಬಹುದು. ಮೊದಲ ಎರಡು ಬೈಟ್ 4ಡಿ 5ಎ ಬಂದರೆ, ಅಂದರೆ "ಎಂಝಡ್", ಅದು ವಿಂಡೋಸ್ ಪ್ರೋಗ್ರಾಂ ಇರುವ ಸಂಭವವೇ ಹೆಚ್ಚು. ಚಿತ್ರದ ಕೆಲಸ ಅಲ್ಲಿಗೆ ನಿಲ್ಲಿಸಿ, ಮಾಲ್‌ವೇರ್ ನೋಡುವವರಿಗೆ ಕೊಡಿ.

ಆಮೇಲೆ ಗಾತ್ರ ನೋಡಿ. 0 ಬೈಟ್ ಇದ್ದರೆ ಒಳಗೆ ಏನೂ ಇಲ್ಲ. ಡೈರೆಕ್ಟರಿಯಲ್ಲಿ ಹೆಸರು ಮಾತ್ರ ಉಳಿದಿದೆ. ನೂರಿನ್ನೂರು ಬೈಟ್ ಇದ್ದರೆ ಅದು ಬಹುಶಃ ಯಾವುದೋ ತಪ್ಪು ಸಂದೇಶ ಇರಬೇಕು, ಫೋಟೋ ಅಲ್ಲ.

ಮೂರನೆಯದು ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿರುವ "ಫೈಲ್" ಕಮ್ಯಾಂಡ್. ಇದು ಹೆಸರನ್ನು ನಂಬುವುದಿಲ್ಲ, ಒಳಗಿನ ಬೈಟ್‌ಗಳನ್ನು ನೋಡಿ ಹೇಳುತ್ತದೆ. ದುಡ್ಡು ಬೇಡ, ಒಂದೇ ಸಾಲಿನ ಕೆಲಸ. ಎಕ್ಸಿಫ್‌ಟೂಲ್ ಕೂಡ ಇದೇ ಕೆಲಸ ಮಾಡಿ, ಜೊತೆಗೆ ಕ್ಯಾಮೆರಾ ವಿವರವನ್ನೂ ಕೊಡುತ್ತದೆ.

ಈ ಮೂರರಿಂದ ಉತ್ತರ ಬಂದರೂ ಅಲ್ಲಿಗೆ ನಿಲ್ಲಿಸಬೇಡಿ. ಹೆಕ್ಸ್ ಎಡಿಟರ್‌ನಲ್ಲಿ, ಓದಲು ಮಾತ್ರ ಅನ್ನುವ ಮೋಡ್‌ನಲ್ಲಿ, ಕಣ್ಣಾರೆ ನೋಡಿ. ಒಂದು ಜೆಪಿಇಜಿ ಹೀಗೆ ಶುರುವಾಗುತ್ತದೆ:

ಎಫ್‌ಎಫ್ ಡಿ8 ಎಫ್‌ಎಫ್ ಇ0 00 10 4ಎ 46 49 46 00

ನಿಧಾನಕ್ಕೆ ಓದೋಣ. ಎಫ್‌ಎಫ್ ಡಿ8 ಅಂದರೆ "ಚಿತ್ರ ಶುರು". ಮುಂದಿನ ಎಫ್‌ಎಫ್ ಇ0 ಒಂದು ಮಾರ್ಕರ್, ಇಲ್ಲಿಂದ ಒಂದು ಭಾಗ ಶುರು ಅನ್ನುವ ಗುರುತು. 00 10 ಆ ಭಾಗದ ಉದ್ದ. ಹೆಕ್ಸ್‌ನ 10 ಅಂದರೆ 16 ಬೈಟ್. ಉದ್ದ ಹೇಳುವ ಎರಡು ಬೈಟ್‌ಗಳೂ ಆ 16ರಲ್ಲೇ ಸೇರಿವೆ. 4ಎ 46 49 46 ಅಂದರೆ "ಜೆಎಫ್‌ಐಎಫ್" ಅನ್ನುವ ನಾಲ್ಕು ಅಕ್ಷರ.

ಈಗ ಲೆಕ್ಕ ಹಾಕಿ. ಉದ್ದದ ಬೈಟ್‌ಗಳು ಆಫ್‌ಸೆಟ್ 4ರಲ್ಲಿವೆ. 4ಕ್ಕೆ 16 ಸೇರಿಸಿದರೆ 20. ಆಫ್‌ಸೆಟ್ 20ಕ್ಕೆ ಹೋಗಿ ನೋಡಿ. ಅಲ್ಲಿ ಮತ್ತೊಂದು ಎಫ್‌ಎಫ್ ಇರಲೇಬೇಕು, ಮುಂದಿನ ಮಾರ್ಕರ್‌ನ ಮೊದಲ ಬೈಟ್ ಅದು. ಇದ್ದರೆ ಅದರ ಉದ್ದ ಓದಿ ಮತ್ತೆ ಜಿಗಿಯಿರಿ. ಹೀಗೆ ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಹೋದಂತೆ. ಈ ಜಿಗಿತ ಎಫ್‌ಎಫ್ ಡಿಎ ಮಾರ್ಕರ್‌ನ ತನಕ ಮಾತ್ರ, ಆ ಭಾಗ ಮುಗಿದ ಮೇಲೆ ಚಿತ್ರದ ಡೇಟಾ ಶುರುವಾಗುತ್ತದೆ. ಅದಕ್ಕೂ ಮೊದಲೇ ಒಂದು ಕಡೆ ಎಫ್‌ಎಫ್ ಸಿಗಲಿಲ್ಲ ಅಂದರೆ ಸರಪಳಿ ಅಲ್ಲೇ ಕಡಿದಿದೆ, ದೋಷ ಅಲ್ಲೇ ಇದೆ. ನಾಲ್ಕೈದು ಜಿಗಿತಗಳು ಸರಿಯಾಗಿ ಕೂತರೆ ಅದು ಜೆಪಿಇಜಿ ಅನ್ನಲು ಧೈರ್ಯ ಬರುತ್ತದೆ. ಯಾರೋ ಸುಮ್ನೆ ಮುಂದೆ ನಾಲ್ಕು ಬೈಟ್ ಅಂಟಿಸಿದರೆ ಈ ಸರಪಳಿ ಹುಟ್ಟುವುದಿಲ್ಲ.

ಕ್ಯಾಮೆರಾ ಫೋಟೋಗಳಲ್ಲಿ ಇ0 ಜಾಗದಲ್ಲಿ ಇ1 ಇದ್ದು, ಆಮೇಲೆ "ಎಕ್ಸಿಫ್" ಅಂತ ಕಾಣುವುದು ಸಾಮಾನ್ಯ. ಕ್ಯಾಮೆರಾ ವಿವರ ಕೂರುವ ಭಾಗ ಅದು. ನೇರವಾಗಿ ಎಫ್‌ಎಫ್ ಡಿಬಿ ಬಂದರೂ ತಪ್ಪಲ್ಲ.

ಉಳಿದ ಬಗೆಗಳ ಮೊದಲ ಬೈಟ್‌ಗಳು, ಪಕ್ಕದಲ್ಲಿಟ್ಟುಕೊಳ್ಳಲು:

- ಪಿಎನ್‌ಜಿ: 89 50 4ಇ 47 0ಡಿ 0ಎ 1ಎ 0ಎ
- ಜಿಐಎಫ್: 47 49 46 38, ಆಮೇಲೆ 37 61 ಅಥವಾ 39 61. ಅಕ್ಷರದಲ್ಲಿ "ಜಿಐಎಫ್87ಎ", "ಜಿಐಎಫ್89ಎ"
- ಬಿಎಂಪಿ: 42 4ಡಿ. ಮುಂದಿನ ನಾಲ್ಕು ಬೈಟ್‌ನಲ್ಲಿ ಫೈಲ್‌ನ ಗಾತ್ರ
- ಟಿಫ್: 49 49 2ಎ 00 ಅಥವಾ 4ಡಿ 4ಡಿ 00 2ಎ
- ವೆಬ್‌ಪಿ: 52 49 46 46, ನಾಲ್ಕು ಬೈಟ್ ಗಾತ್ರ, ಆಮೇಲೆ 57 45 42 50
- ಹೆಚ್‌ಇಐಸಿ: ಆಫ್‌ಸೆಟ್ 4ರಲ್ಲಿ 66 74 79 70, ಆಮೇಲೆ ಹೆಚ್ಚಾಗಿ 68 65 69 63
- ಪಿಎಸ್‌ಡಿ: 38 42 50 53

ಬಿಎಂಪಿ ಬಗ್ಗೆ ಹುಷಾರಾಗಿರಿ. ಎರಡೇ ಬೈಟ್‌ನ ಗುರುತು. "ಬಿಎಂ" ಅಂತ ಶುರುವಾಗುವ ಯಾವುದೋ ಟೆಕ್ಸ್ಟ್ ಫೈಲ್ ಕೂಡ ಬಿಎಂಪಿಯಂತೆ ಕಾಣುತ್ತದೆ. ಒಳಗೆ ಬರೆದ ಗಾತ್ರ ಫೈಲ್‌ನ ನಿಜ ಗಾತ್ರಕ್ಕೆ ಹೊಂದುತ್ತದೆಯಾ ನೋಡದೆ ಹೇಳಬೇಡಿ. ಜಿಐಎಫ್ ಕೂಡ ಹಾಗೆಯೇ. ಸರ್ವರ್‌ಗೆ ಕಳ್ಳ ಸ್ಕ್ರಿಪ್ಟ್ ಏರಿಸುವವರು ಅದರ ತಲೆಗೆ "ಜಿಐಎಫ್89ಎ" ಅನ್ನುವ ಆರು ಅಕ್ಷರ ಟೈಪ್ ಮಾಡಿ ಬಿಡುತ್ತಾರೆ. ಅಷ್ಟಕ್ಕೇ ಟೂಲ್ "ಚಿತ್ರ" ಅನ್ನುತ್ತದೆ. ಅದಕ್ಕೇ ಜಿಐಎಫ್‌ನ ಮುಂದಿನ ನಾಲ್ಕು ಬೈಟ್ ಓದಿ. ಅಗಲ ಎರಡು, ಎತ್ತರ ಎರಡು, ಕಡಿಮೆ ಸ್ಥಾನಬೆಲೆಯ ಬೈಟ್ ಮೊದಲು. ಅಲ್ಲಿ ಅಳತೆಯ ಬದಲು ಪ್ರೋಗ್ರಾಂನ ಅಕ್ಷರಗಳು ಕೂತಿದ್ದರೆ ಅಗಲ ಎತ್ತರ ವಿಚಿತ್ರವಾಗಿ ಬರುತ್ತವೆ. ಕೆಳಗೆ ಪೂರ್ತಿ ಓದಬಹುದಾದ ಪಠ್ಯವೂ ಕಾಣುತ್ತದೆ.

## ಲಕ್ಷಣ: ಫೋಟೋ ಅಂತ ಬಂದಿದೆ, ಹೆಕ್ಸ್‌ನಲ್ಲಿ ನೋಡಿದರೆ ಅಕ್ಷರಗಳು

ಇದರಲ್ಲಿ ನಾಲ್ಕು ಬಗೆ ಜಾಸ್ತಿ ಸಿಗುತ್ತವೆ.

3ಸಿ 21 44 4ಎಫ್ 43 ಅಂತ ಶುರುವಾದರೆ ಅದು ವೆಬ್ ಪುಟ. ಚಿತ್ರ ಡೌನ್‌ಲೋಡ್ ಮಾಡಲು ಹೋದಾಗ ಸರ್ವರ್ ಲಾಗಿನ್ ಪುಟ ಕೊಟ್ಟಿದೆ, ಪ್ರೋಗ್ರಾಂ ಅದನ್ನೇ ಜೆಪಿಜಿ ಅಂತ ಉಳಿಸಿದೆ. ಚಿತ್ರ ಇಲ್ಲಿ ಯಾವತ್ತೂ ಇರಲಿಲ್ಲ. ಆದರೂ ಎಸೆಯಬೇಡಿ. ಯಾವ ಸೈಟ್, ಯಾವ ಹೊತ್ತು ಅನ್ನುವ ಸುಳಿವು ಆ ಪುಟದಲ್ಲೇ ಇರಬಹುದು.

ಓದಬಹುದಾದ, ಆದರೆ ಅರ್ಥವಾಗದ ಉದ್ದನೆಯ ಅಕ್ಷರ ಸಾಲು ಇದ್ದರೆ ಅದು ಬೇಸ್64, ಅಂದರೆ ಬೈಟ್‌ಗಳನ್ನು ಸಾಮಾನ್ಯ ಅಕ್ಷರಗಳಾಗಿ ಬರೆಯುವ ವಿಧಾನ, ಇರಬಹುದು. ಇಮೇಲ್ ಅಟ್ಯಾಚ್‌ಮೆಂಟ್‌ಗಳು ಹೀಗೇ ಕೂತಿರುತ್ತವೆ. ಶುರುವಿನಲ್ಲಿ ಓರೆಗೆರೆ, 9, ಸಣ್ಣ ಜೆ, ಮತ್ತೆ ಓರೆಗೆರೆ ಬಂದರೆ ಬಿಡಿಸಿದಾಗ ಜೆಪಿಇಜಿ ಸಿಗುತ್ತದೆ. ಬೇಸ್64ನಲ್ಲಿ ಗಾತ್ರ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ. ಬಿಡಿಸಿದ ಮೇಲೆ ಗಾತ್ರ ಕುಗ್ಗಿದರೆ ಗಾಬರಿ ಬೇಡ.

ಮೂರನೆಯದು ನನಗೆ ಸಂಕಟ ಕೊಡುವ ದೋಷ. ಫೈಲ್ ಹೀಗೆ ಶುರುವಾಗುತ್ತದೆ:

ಇಎಫ್ ಬಿಎಫ್ ಬಿಡಿ ಇಎಫ್ ಬಿಎಫ್ ಬಿಡಿ ಇಎಫ್ ಬಿಎಫ್ ಬಿಡಿ ಇಎಫ್ ಬಿಎಫ್ ಬಿಡಿ 00 10 4ಎ 46 49 46

ಕೊನೆಯ ನಾಲ್ಕು ಬೈಟ್ ಗುರುತು ಸಿಕ್ಕಿತಾ? ಅದೇ "ಜೆಎಫ್‌ಐಎಫ್". ಮುಂದಿದ್ದ ಎಫ್‌ಎಫ್ ಡಿ8 ಎಫ್‌ಎಫ್ ಇ0 ಅನ್ನುವ ನಾಲ್ಕು ಬೈಟ್‌ಗಳ ಜಾಗದಲ್ಲಿ ಒಂದೊಂದಕ್ಕೂ ಇಎಫ್ ಬಿಎಫ್ ಬಿಡಿ ಬಂದು ಕೂತಿದೆ. ಯಾರೋ, ಅಥವಾ ಯಾವುದೋ ಪ್ರೋಗ್ರಾಂ, ಈ ಫೋಟೋವನ್ನು ಟೆಕ್ಸ್ಟ್ ಅಂತ ಓದಿ ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಮತ್ತೆ ಉಳಿಸಿದೆ. ಅರ್ಥವಾಗದ ಬೈಟ್‌ಗಳನ್ನೆಲ್ಲ ಅದು ಒಂದೇ "ಗೊತ್ತಿಲ್ಲದ ಅಕ್ಷರ" ಮಾಡಿಬಿಟ್ಟಿದೆ. ಎಫ್‌ಎಫ್ ಕೂಡ ಅದೇ, ಡಿ8 ಕೂಡ ಅದೇ ಆಗಿದೆ. ಹಿಂದಕ್ಕೆ ತಿರುಗಿಸಲು ದಾರಿಯೇ ಇಲ್ಲ. ಇಲ್ಲಿ ರಿಪೇರಿ ಮಾಡಲು ದಿನಗಟ್ಟಲೆ ಕೂರಬೇಡಿ, ಹಣ ಕೊಟ್ಟು ರಿಪೇರಿ ಸಾಫ್ಟ್‌ವೇರ್ ಕೊಳ್ಳಲೂ ಬೇಡಿ. ಬೇರೆ ಪ್ರತಿ ಎಲ್ಲಾದರೂ ಇದೆಯಾ ಅಂತ ಹುಡುಕಿ. ಇದು ಒಂದು ಕಾಲಕ್ಕೆ ಜೆಪಿಇಜಿ ಆಗಿತ್ತು ಅಂತ ಹೇಳುವಷ್ಟು ಗುರುತು ಮಾತ್ರ ಉಳಿದಿದೆ.

ನಾಲ್ಕನೆಯದು ಪಿಎನ್‌ಜಿಯದ್ದು. ಆ ಎಂಟು ಬೈಟ್ ಗುರುತನ್ನು ಮಾಡಿದವರ ಜಾಣ್ಮೆ ನೋಡಿದರೆ ಸಂತೋಷವಾಗುತ್ತದೆ. 0ಡಿ 0ಎ ವಿಂಡೋಸ್‌ನ ಸಾಲು ಮುರಿಯುವ ಗುರುತು, ಕೊನೆಯ 0ಎ ಯುನಿಕ್ಸ್‌ನದ್ದು. ಫೈಲನ್ನು ಟೆಕ್ಸ್ಟ್ ಮೋಡ್‌ನಲ್ಲಿ ಸಾಗಿಸಿದರೆ ಎರಡರಲ್ಲಿ ಒಂದಾದರೂ ಬದಲಾಗುತ್ತದೆ, ಕೆಟ್ಟದ್ದು ತಲೆಯಲ್ಲೇ ಗೊತ್ತಾಗುತ್ತದೆ. 89 50 4ಇ 47 0ಎ 1ಎ 0ಎ ಅಂತ ಏಳೇ ಬೈಟ್ ಕಂಡರೆ 0ಡಿ ಉದುರಿದೆ ಅಂತ ಅರ್ಥ. ಇಂಥ ಕಡೆ ತಲೆಯನ್ನು ಮಾತ್ರ ಸರಿ ಮಾಡಿ ಪ್ರಯೋಜನ ಇಲ್ಲ. ಒಳಗಿನ ಡೇಟಾದಲ್ಲೂ ಹೀಗೇ ಉದುರಿರುತ್ತವೆ, ಎಲ್ಲೆಲ್ಲಿ ಅಂತ ಸುಲಭಕ್ಕೆ ಗೊತ್ತಾಗದು.

## ಲಕ್ಷಣ: ಒಂದು ಟೂಲ್ ಟಿಫ್ ಅನ್ನುತ್ತದೆ, ಇನ್ನೊಂದು ಕ್ಯಾಮೆರಾ ರಾ ಅನ್ನುತ್ತದೆ

ಎರಡೂ ಸರಿ ಇರಬಹುದು. ರಾ ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೋಟೋ. ನಿಕಾನ್‌ನ ಎನ್‌ಇಎಫ್, ಸೋನಿಯ ಎಆರ್‌ಡಬ್ಲ್ಯೂ, ಅಡೋಬಿಯ ಡಿಎನ್‌ಜಿ ಇವೆಲ್ಲ ಟಿಫ್‌ನ ಮೈಕಟ್ಟಿನ ಮೇಲೆ ಕಟ್ಟಿದವು. ಮೊದಲ ನಾಲ್ಕು ಬೈಟ್ ನೋಡಿ ನಿಂತವನು ಟಿಫ್ ಅನ್ನುತ್ತಾನೆ. ಒಳಗಿನ ಟ್ಯಾಗ್ ಓದಿದವನು ಕ್ಯಾಮೆರಾ ಹೆಸರು ಹೇಳುತ್ತಾನೆ. ಕ್ಯಾನನ್‌ನ ಸಿಆರ್2ನಲ್ಲಿ ಆಫ್‌ಸೆಟ್ 8ರಲ್ಲಿ 43 52, ಅಂದರೆ "ಸಿಆರ್" ಅನ್ನುವ ಅಕ್ಷರಗಳೇ ಸಿಗುತ್ತವೆ.

ಇದೇ ತರಹ 52 49 46 46 ಕಂಡ ಕೂಡಲೇ ವೆಬ್‌ಪಿ ಅನ್ನಬೇಡಿ. ವೇವ್ ಆಡಿಯೋ, ಎವಿಐ ವಿಡಿಯೋ ಎರಡೂ ಹಾಗೇ ಶುರುವಾಗುತ್ತವೆ. ಆಫ್‌ಸೆಟ್ 8ರ ತನಕ ಹೋಗಲೇಬೇಕು. ಜೊತೆಗೆ ನಡುವಿನ ನಾಲ್ಕು ಬೈಟ್‌ನ ಗಾತ್ರಕ್ಕೆ 8 ಸೇರಿಸಿದರೆ ಫೈಲ್‌ನ ಗಾತ್ರ ಬರಬೇಕು.

ಹೆಚ್‌ಇಐಸಿಯೂ ಎಂಪಿ4 ವಿಡಿಯೋವೂ ಒಂದೇ ಮನೆಯವು. ಆಫ್‌ಸೆಟ್ 8ರ ನಾಲ್ಕು ಅಕ್ಷರ ನೋಡಿ ಬೇರ್ಪಡಿಸಿ. ಐಫೋನ್‌ಗಳಲ್ಲಿ 2017ರ ಐಒಎಸ್ 11ರಿಂದ ಹೆಚ್‌ಇಐಸಿ ಬಂತು. ಆ ಫೋನ್‌ಗಳಿಂದ ಕಂಪ್ಯೂಟರ್‌ಗೆ ನಕಲು ಮಾಡುವಾಗ ಸೆಟ್ಟಿಂಗ್ ನೋಡಿಕೊಂಡು ಜೆಪಿಇಜಿಗೆ ಬದಲಾಗುವುದೂ ಉಂಟು. ಹಾಗಾಗಿ ಫೋನ್‌ನಲ್ಲಿ ಹೆಚ್‌ಇಐಸಿ, ಲ್ಯಾಪ್‌ಟಾಪ್‌ನಲ್ಲಿ ಜೆಪಿಇಜಿ ಸಿಕ್ಕಿ ಹ್ಯಾಶ್ ಬೇರೆ ಬಂದರೆ, ತಕ್ಷಣ "ತಿದ್ದಿದ್ದಾರೆ" ಅಂತ ಬರೆಯಬೇಡಿ.

## ಲಕ್ಷಣ: ಚಿತ್ರ ಅರ್ಧ ಮಾತ್ರ ಕಾಣುತ್ತದೆ, ಕೆಳಗೆ ಬೂದು ಪಟ್ಟಿ

ಬಗೆ ಸರಿಯಾಗೇ ಗೊತ್ತಾಗಿದೆ, ಆದರೆ ಫೈಲ್ ಪೂರ್ತಿ ಇಲ್ಲ. ಮೊದಲು ಬಾಲ ನೋಡಿ. ಜೆಪಿಇಜಿ ಎಫ್‌ಎಫ್ ಡಿ9ರಲ್ಲಿ ಮುಗಿಯಬೇಕು, ಜಿಐಎಫ್ 3ಬಿಯಲ್ಲಿ. ಪಿಎನ್‌ಜಿಯ ಕೊನೆಯ ಎಂಟು ಬೈಟ್ 49 45 4ಇ 44 ಎಇ 42 60 82.

ಬಾಲ ಇಲ್ಲದಿದ್ದರೆ ನಕಲು ಅರ್ಧಕ್ಕೆ ನಿಂತಿದೆ, ಅಥವಾ ಅಳಿಸಿದ ಫೈಲ್‌ನ ಉಳಿದ ಭಾಗದ ಮೇಲೆ ಬೇರೆ ಫೈಲ್ ಕೂತಿದೆ. ಬಾಲ ಇದ್ದೂ ಚಿತ್ರ ನಡುವಲ್ಲಿ ಕೆಟ್ಟು, ಬಣ್ಣ ಬದಲಾಗಿ, ಬೇರೆ ಚಿತ್ರದ ಚೂರು ಕಂಡರೆ ತುಣುಕುಗಳು ತಪ್ಪಾಗಿ ಜೋಡಣೆಯಾಗಿವೆ. ಫೋಟೋರೆಕ್, ಫೋರ್‌ಮೋಸ್ಟ್, ಸ್ಕಾಲ್‌ಪೆಲ್ ತರಹದ ಟೂಲ್‌ಗಳು ತಲೆ ಹುಡುಕಿ ಅಲ್ಲಿಂದ ಮುಂದಕ್ಕೆ ಎತ್ತುತ್ತವೆ. ಫೈಲ್ ಡಿಸ್ಕ್‌ನಲ್ಲಿ ಎರಡು ಮೂರು ಕಡೆ ಹಂಚಿಹೋಗಿದ್ದರೆ ನಡುವೆ ಬೇರೆಯವರದ್ದು ಸೇರಿಕೊಳ್ಳುತ್ತದೆ. ಚಿತ್ರ ಕೆಟ್ಟ ಜಾಗದ ಆಫ್‌ಸೆಟ್ 4096ರಿಂದ ಸರಿಯಾಗಿ ಭಾಗವಾಗುತ್ತದೆಯಾ ನೋಡಿ. ಕ್ಲಸ್ಟರ್, ಅಂದರೆ ಫೈಲ್‌ಗಳಿಗೆ ಜಾಗ ಹಂಚುವ ತುಂಡಿನ ಗಾತ್ರ, ಅಷ್ಟೇ ಇರುವ ಡಿಸ್ಕ್‌ನಲ್ಲಿ ಇದು ಒಳ್ಳೆಯ ಸುಳಿವು.

ಇಲ್ಲೇ ನಾನು ಶುರುವಿನ ದಿನಗಳಲ್ಲಿ ಎಡವಿದ್ದೆ. ಅಳಿಸಿದ ಜಾಗದಿಂದ ರಾಶಿ ಸಣ್ಣ ಚಿತ್ರಗಳು ಸಿಕ್ಕವು. ಎಲ್ಲದಕ್ಕೂ ಎಫ್‌ಎಫ್ ಡಿ8 ಇತ್ತು, ಎಫ್‌ಎಫ್ ಡಿ9 ಇತ್ತು, ಚೆನ್ನಾಗಿ ತೆರೆಯುತ್ತಿದ್ದವು. ಪ್ರತಿಯೊಂದನ್ನೂ ಒಂದೊಂದು ಫೋಟೋ ಅಂತ ಎಣಿಸಿ ಪಟ್ಟಿ ಮಾಡಿದೆ. ಜೊತೆಗಿದ್ದ ಹಿರಿಯರು ಪಟ್ಟಿ ನೋಡಿ ಒಂದೇ ಮಾತು ಕೇಳಿದರು: "ಇವೆಲ್ಲ ಎಲ್ಲಿ ಕೂತಿದ್ವು ಅಂತ ನೋಡಿದ್ಯಾ?" ನೋಡಿರಲಿಲ್ಲ. ಎಲ್ಲದರ ಅಳತೆ 160 ಬೈ 120. ಕ್ಯಾಮೆರಾ ಪ್ರತಿ ಫೋಟೋದ ಎಕ್ಸಿಫ್ ಭಾಗದೊಳಗೆ ಇಡುವ ಪುಟ್ಟ ಚಿತ್ರಗಳು ಅವು. ಜೆಪಿಇಜಿಯ ಹೊಟ್ಟೆಯೊಳಗೆ ಇನ್ನೊಂದು ಜೆಪಿಇಜಿ. ಪಟ್ಟಿಯಲ್ಲಿ ಒಂದೇ ಫೋಟೋ ಎರಡೆರಡು ಸಲ ಎಣಿಕೆಯಾಗಿತ್ತು. ಅದು ಹಾಗೇ ಹೊರಗೆ ಹೋಗಿದ್ದರೆ ಒಬ್ಬ ಮನುಷ್ಯನ ಮೇಲಿನ ಆರೋಪದ ತೂಕವೇ ಬದಲಾಗುತ್ತಿತ್ತು. ಆವತ್ತಿನಿಂದ ಚಿತ್ರ ಸಿಕ್ಕರೆ ಮೊದಲು ಅದರ ಸುತ್ತಮುತ್ತ ನೋಡುತ್ತೇನೆ.

ಈ ಪುಟ್ಟ ಚಿತ್ರಗಳಿಂದ ಉಪಕಾರವೂ ಇದೆ. ದೊಡ್ಡ ಚಿತ್ರ ಹಾಳಾಗಿದ್ದರೂ ಅದು ಉಳಿದಿರಬಹುದು. ಕೆಲವು ಎಡಿಟಿಂಗ್ ಪ್ರೋಗ್ರಾಂಗಳು ದೊಡ್ಡದನ್ನು ಕತ್ತರಿಸಿ ಪುಟ್ಟದನ್ನು ಹಾಗೇ ಬಿಡುತ್ತವೆ. ಆಗ ಕತ್ತರಿಸಿ ತೆಗೆದ ಭಾಗ ಅದರಲ್ಲಿ ಕಾಣುತ್ತದೆ.

ಪಿಎನ್‌ಜಿಯಲ್ಲಿ ಇನ್ನೊಂದು ತಂತ್ರ ಉಂಟು. ತಲೆಯಲ್ಲಿ ಬರೆದ ಎತ್ತರವನ್ನು ಕಮ್ಮಿ ಮಾಡಿದರೆ ಎಷ್ಟೋ ವ್ಯೂವರ್‌ಗಳು ಚಿತ್ರದ ಕೆಳಭಾಗ ತೋರಿಸುವುದೇ ಇಲ್ಲ. ಆದರೆ ಆ ಭಾಗಕ್ಕೆ ಸಿಆರ್‌ಸಿ ಅಂತ ನಾಲ್ಕು ಬೈಟ್‌ನ ತಾಳೆ ಸಂಖ್ಯೆ ಇರುತ್ತದೆ. ಎತ್ತರ ತಿದ್ದಿ ಸಿಆರ್‌ಸಿ ಬಿಟ್ಟಿದ್ದರೆ ಲೆಕ್ಕ ತಪ್ಪುತ್ತದೆ. ಪಿಎನ್‌ಜಿಚೆಕ್ ಅನ್ನುವ ಉಚಿತ ಟೂಲ್ ಇದನ್ನು ಹಿಡಿಯುತ್ತದೆ.

## ಲಕ್ಷಣ: ಚಿತ್ರ ಚೆನ್ನಾಗಿ ತೆರೆಯುತ್ತದೆ, ಆದರೆ ಫೈಲ್ ಯಾಕೋ ಬಹಳ ದೊಡ್ಡದು

ಸಣ್ಣ ಚಿತ್ರ, ಹತ್ತಾರು ಎಂಬಿ ಗಾತ್ರ. ಎಫ್‌ಎಫ್ ಡಿ9 ಆದ ಮೇಲೂ ಡೇಟಾ ಇದೆಯಾ ನೋಡಿ. ಅಲ್ಲಿ 50 4ಬಿ 03 04 ಸಿಕ್ಕರೆ ಜಿಪ್ ಅಂಟಿಸಿದ್ದಾರೆ. ಜಿಪ್‌ನ ಸೂಚಿ ಫೈಲ್‌ನ ಕೊನೆಯಲ್ಲಿರುತ್ತದೆ, ಜೆಪಿಇಜಿಯ ಗುರುತು ಮೊದಲಲ್ಲಿ. ಹಾಗಾಗಿ ಒಂದೇ ಫೈಲ್ ವ್ಯೂವರ್‌ನಲ್ಲಿ ಚಿತ್ರವಾಗಿ, ಜಿಪ್ ಟೂಲ್‌ನಲ್ಲಿ ಜಿಪ್ ಆಗಿ ತೆರೆಯುತ್ತದೆ.

ಎಲ್ಲ ಹೆಚ್ಚುವರಿ ಡೇಟಾವೂ ಬಚ್ಚಿಟ್ಟದ್ದಲ್ಲ. ಫೋಟೋದ ಹಿಂದೆ ಪುಟ್ಟ ವಿಡಿಯೋ ಅಂಟಿಸಿ ಉಳಿಸುವ ಫೋನ್‌ಗಳೂ ಇವೆ. ಅಲ್ಲಿ ಏನಿದೆ ಅಂತ ಗುರುತಿಸದೆ "ರಹಸ್ಯ ಮಾಹಿತಿ" ಅಂತ ಬರೆಯುವುದು ಅನ್ಯಾಯ. ಇನ್ನು ಎಫ್‌ಎಫ್ ಡಿ9 ಹುಡುಕುವಾಗ ಮೊದಲು ಸಿಕ್ಕದ್ದನ್ನೇ ಕೊನೆ ಅಂದುಕೊಳ್ಳಬೇಡಿ. ಅದು ಒಳಗಿನ ಪುಟ್ಟ ಚಿತ್ರದ ಕೊನೆ ಇರಬಹುದು.

## ಲಕ್ಷಣ: ಯಾವ ಗುರುತೂ ಸಿಗುತ್ತಿಲ್ಲ

ಪೂರ್ತಿ 00 ಇದ್ದರೆ ಡೇಟಾ ಹೋಗಿದೆ. ಜಾಗ ಮೀಸಲಾಗಿದೆ, ಬರೆದಿಲ್ಲ, ಅಥವಾ ಒರೆಸಿದ್ದಾರೆ. ಇಲ್ಲಿಗೆ ನಿಲ್ಲಿಸಿ.

ತಲೆ ಕೆಟ್ಟು, ಆಫ್‌ಸೆಟ್ 6ರಲ್ಲಿ "ಜೆಎಫ್‌ಐಎಫ್" ಅಥವಾ "ಎಕ್ಸಿಫ್" ಹಾಗೇ ಉಳಿದಿದ್ದರೆ ಮೊದಲ ಬೈಟ್‌ಗಳು ಮಾತ್ರ ಬದಲಾಗಿರಬಹುದು. ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಎಫ್‌ಎಫ್ ಡಿ8 ಎಫ್‌ಎಫ್ ಇ0 ಹಾಕಿ ನೋಡಿ. "ಎಕ್ಸಿಫ್" ಇದ್ದರೆ ಇ0 ಬದಲು ಇ1. ಬದಲಾಯಿಸಿದ ಪ್ರತಿ ಬೈಟ್ ಬರೆದಿಡಿ.

ಎ5 82 ಎ5 ಬಿಎ ಅಂತ ಕಂಡರೆ? ಮೊದಲ ಬೈಟೂ ಮೂರನೆಯದೂ ಒಂದೇ. ಜೆಪಿಇಜಿಯಲ್ಲೂ ಹಾಗೇ ಅಲ್ವಾ, ಎಫ್‌ಎಫ್ ಡಿ8 ಎಫ್‌ಎಫ್? ಪ್ರತಿ ಬೈಟನ್ನೂ 5ಎ ಜೊತೆ ಎಕ್ಸ್‌ಒಆರ್ (ಎರಡು ಬಿಟ್ ಬೇರೆಯಿದ್ದರೆ 1, ಒಂದೇ ಇದ್ದರೆ 0 ಕೊಡುವ ಲೆಕ್ಕ) ಮಾಡಿದ್ದಾರೆ. ಅದೇ 5ಎಯಿಂದ ಮತ್ತೊಮ್ಮೆ ಮಾಡಿದರೆ ಎಫ್‌ಎಫ್ ಡಿ8 ಎಫ್‌ಎಫ್ ಇ0 ವಾಪಸ್ ಬರುತ್ತದೆ. 00 ಇದ್ದ ಕಡೆಯೆಲ್ಲ ಕೀಲಿಯೇ, ಅಂದರೆ 5ಎ, ಎದ್ದು ಕಾಣುತ್ತದೆ. ಫೈಲ್‌ನಲ್ಲಿ ಒಂದೇ ಬೈಟ್ ಪದೇ ಪದೇ ಬರುತ್ತಿದ್ದರೆ ಇದನ್ನೊಮ್ಮೆ ಪ್ರಯತ್ನಿಸಿ.

ಎಲ್ಲಿ ನೋಡಿದರೂ ಕಲಸಿಹೋದ ಬೈಟ್‌ಗಳೇ, ತಲೆಬಾಲ ಇಲ್ಲ ಅಂದರೆ ಎನ್‌ಕ್ರಿಪ್ಟ್ ಆಗಿರಬಹುದು. ಸಂಕುಚಿತ ಫೈಲ್‌ನ ನಡುವಿನ ತುಣುಕೂ ಹೀಗೇ ಕಾಣುತ್ತದೆ. ಇಂಥ ಡೇಟಾದಲ್ಲಿ ಗುರುತು ಹುಡುಕುವಾಗ ಒಂದು ಲೆಕ್ಕ ನೆನಪಿರಲಿ. ಎಫ್‌ಎಫ್ ಡಿ8 ಎಫ್‌ಎಫ್ ಮೂರೇ ಬೈಟ್. ಯಾದೃಚ್ಛಿಕ ಡೇಟಾದಲ್ಲಿ 1,67,77,216 ಜಾಗಕ್ಕೆ ಒಂದು ಸಲ ಸುಮ್ನೆ ಸಿಕ್ಕಿಬಿಡುತ್ತದೆ. 1 ಟೆರಾಬೈಟ್ ಎನ್‌ಕ್ರಿಪ್ಟ್ ಆದ ಡಿಸ್ಕ್‌ನಲ್ಲಿ ಪ್ರತಿ ಬೈಟಿಂದಲೂ ಹುಡುಕಿದರೆ ಸುಮಾರು 59,600 ಸುಳ್ಳು "ಜೆಪಿಇಜಿ"ಗಳು ಸಿಗುತ್ತವೆ. 512 ಬೈಟ್ ಸೆಕ್ಟರ್‌ನ ಮೊದಲಲ್ಲಿ ಮಾತ್ರ ಹುಡುಕಿದರೆ 116ರಷ್ಟು. ಪಿಎನ್‌ಜಿಯ ಎಂಟು ಬೈಟ್ ಗುರುತು ಹೀಗೆ ಅಕಸ್ಮಾತ್ತಾಗಿ ಬರುವುದೇ ಇಲ್ಲ ಅನ್ನಬಹುದು.

## ಲಕ್ಷಣ: "ಇಮೇಜ್ ಫೈಲ್" ಅಂತ ಕೊಟ್ಟಿದ್ದಾರೆ, ಆದರೆ ನೂರಾರು ಜಿಬಿ ಇದೆ

ಅದು ಫೋಟೋ ಅಲ್ಲ, ಡಿಸ್ಕ್ ಇಮೇಜ್, ಅಂದರೆ ಇಡೀ ಡಿಸ್ಕ್‌ನ ಪ್ರತಿ. ನಮ್ಮ ಕೆಲಸದಲ್ಲಿ ಈ ಪದಕ್ಕೆ ಎರಡು ಅರ್ಥ. 45 56 46 09 0ಡಿ 0ಎ ಎಫ್‌ಎಫ್ 00 ಅಂತ ಶುರುವಾದರೆ ಇ01 ಬಗೆ. ಯಾವ ತಲೆಯೂ ಇಲ್ಲದೆ ಆಫ್‌ಸೆಟ್ 510ರಲ್ಲಿ 55 ಎಎ ಇದ್ದರೆ ಬಹುಶಃ ಡಿಸ್ಕ್‌ನ ಹಸಿ ಪ್ರತಿ. ಇದನ್ನು ಫೊರೆನ್ಸಿಕ್ ಟೂಲ್‌ನಲ್ಲೇ ತೆರೆಯಿರಿ.

## ಎಲ್ಲಿ ಕೈ ತೆಗೆಯಬೇಕು

ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡಿದರೆ ಕರೆಂಟ್ ತೆಗೆಯಿರಿ. ಇನ್ನೊಂದು ಸಲ ಹಾಕಿ ನೋಡೋಣ ಅನ್ನಬೇಡಿ. ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಡೇಟಾ ಕರೆಂಟ್ ಇರುವಷ್ಟು ಹೊತ್ತು ಒಳಗೊಳಗೇ ಒರೆಸಿಹೋಗಬಹುದು. ರೈಟ್ ಬ್ಲಾಕರ್ ಇದ್ದರೂ ಅದು ತಡೆಯುವುದಿಲ್ಲ. ಹಾಗಾಗಿ ಸುಮ್ಮನೆ ಚಾಲೂ ಇಡಬೇಡಿ.

ನೋಡಲು ನಿಮಗೆ ಲಿಖಿತ ಅನುಮತಿ ಇರುವ ವ್ಯಾಪ್ತಿ ದಾಟಿದರೆ ನಿಲ್ಲಿಸಿ ಕೇಳಿ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ ಅನ್ನುವ ಅನುಮಾನ ಬಂದ ಕ್ಷಣವೇ ನಿಲ್ಲಿಸಿ. ಖಚಿತ ಮಾಡಿಕೊಳ್ಳಲು ಇನ್ನೊಂದು ತೆರೆಯಬೇಡಿ. ನಕಲು ಮಾಡಬೇಡಿ, ಯಾರಿಗೂ ಕಳಿಸಬೇಡಿ, ಅಳಿಸಲೂ ಬೇಡಿ. ಸಮಯ ಮತ್ತು ಫೈಲ್‌ನ ಜಾಗ ಬರೆದುಕೊಂಡು, ಕಾನೂನಿನ ಅಧಿಕಾರ ಇರುವವರಿಗೆ ತಿಳಿಸಿ. ಆಮೇಲೆ ನಿಮ್ಮ ಮನಸ್ಸಿಗೂ ಯಾರೊಂದಿಗಾದರೂ ಮಾತಾಡಿ. ಈ ಕೆಲಸ ಮಾಡುವವರಿಗೆ ಅದು ಬೇಕೇ ಬೇಕು.

## ವರದಿಯಲ್ಲಿ ಏನು ಬರೆಯಬೇಕು

"ಫೈಲ್ ಜೆಪಿಇಜಿ ಆಗಿದೆ" ಅಂತ ಒಂದೇ ಸಾಲು ಬರೆದರೆ ಪ್ರಶ್ನೆ ಬಂದಾಗ ನಿಲ್ಲುವುದಿಲ್ಲ. ಹೀಗೆ ಬರೆಯಿರಿ: "ಹೆಸರಿನಲ್ಲಿ ಎಕ್ಸ್‌ಎಲ್‌ಎಸ್ ಇದೆ. ಆಫ್‌ಸೆಟ್ 0ಯಲ್ಲಿ ಎಫ್‌ಎಫ್ ಡಿ8 ಎಫ್‌ಎಫ್ ಇ1. ಮಾರ್ಕರ್‌ಗಳ ಸರಪಳಿ ಚಿತ್ರದ ಡೇಟಾದವರೆಗೆ ಹೊಂದುತ್ತದೆ. ಕೊನೆಯ ಎರಡು ಬೈಟ್ ಎಫ್‌ಎಫ್ ಡಿ9. ಬೇರೆ ಬೇರೆ ಎರಡು ವ್ಯೂವರ್‌ಗಳಲ್ಲಿ ಒಂದೇ ಚಿತ್ರ ಕಂಡಿದೆ." ಟೂಲ್‌ನ ಹೆಸರು, ಆವೃತ್ತಿ, ಹ್ಯಾಶ್ ಸೇರಿಸಿ.

ಹೆಸರು ಬದಲಾಗಿದೆ ಅನ್ನುವುದು ನೀವು ಕಂಡದ್ದು. ಬಚ್ಚಿಡಲೆಂದೇ ಬದಲಾಯಿಸಿದರು ಅನ್ನುವುದು ನೀವು ಕಂಡದ್ದಲ್ಲ. ಮೊದಲನೆಯದನ್ನು ಬರೆಯಿರಿ, ಎರಡನೆಯದನ್ನು ಬಿಡಿ.